ಕಿಟಕಿ ಪಕ್ಕದ ಗೋಡೆ

ಭದ್ರಾವತಿಗೆ ಬಂದ ಮೊದಲ ಮಳೆಗಾಲದಲ್ಲೇ, ಗೋಡೆಗೆ ತೂಗುಹಾಕಿದ್ದ ನನ್ನ ಚರ್ಚಾಸ್ಪರ್ಧೆಯ ಪ್ರಶಸ್ತಿಪತ್ರದಲ್ಲಿ ನನ್ನ ಹೆಸರು ಕಾಣದಾಯಿತು. ಗಾಜಿನೊಳಗೆ ಹಸಿರು ಬೂಷ್ಟು ಬೆಳೆದಿತ್ತು. ಬೂಷ್ಟು ಎಂದರೆ ನಮ್ಮ ಕಡೆಯ ಬೂಸರು. ವಿಜಯಪುರ ಸೀಮೆಯ ನಮಗೆ ಅದು ಹಳಸಿದ ಅಡುಗೆಗೆ ಬರುವಂಥದ್ದು. ಇಲ್ಲಿ ಚಪ್ಪಲಿಗೂ ಬರುತ್ತದೆ. ನಾವು ನೀರಿಗಾಗಿ ನೆಲ ಅಗೆಯುತ್ತೇವೆ. ಇಲ್ಲಿ ನೀರು ತಾನೇ ನೆಲದಿಂದೆದ್ದು ಗೋಡೆ ಹತ್ತುತ್ತದೆ.

ಶಿವಮೊಗ್ಗದ ಕಾಲೇಜಿನಲ್ಲಿ ಪಾಠ ಮುಗಿಸಿ ಸಂಜೆಯ ಬಸ್ಸಿನಲ್ಲಿ ನಾನು ಮರಳುತ್ತಿದ್ದುದು ಸಾವಿತ್ರಮ್ಮನವರ ಹಳೆಯ ಮನೆಯ ಹಿಂದಿನ ಕೋಣೆಗೆ. ಕಾರ್ಖಾನೆಯಲ್ಲಿ ದುಡಿದ ಅವರ ಪತಿ ತೀರಿಕೊಂಡಿದ್ದರು. ನನ್ನ ಕನ್ನಡಕ್ಕೆ ಅಂಗಡಿಯವರು ನಗುತ್ತಿದ್ದ ಆ ದಿನಗಳಲ್ಲಿ, "ಊಟ ಆಯ್ತಾ ಮೇಷ್ಟ್ರೇ?" ಎಂದು ಕೇಳುತ್ತಿದ್ದವರು ಅವರೊಬ್ಬರೇ. ಅವರಿಗೆ ಉಬ್ಬಸ. ನಡುಮನೆಯ ಗೋಡೆ ಮೊಣಕಾಲೆತ್ತರ ತೇವಗೊಂಡು ಬೂಷ್ಟು ಹಿಡಿದು ಉಪ್ಪು ಉದುರಿಸುತ್ತಿತ್ತು. ಆ ಬೂಷ್ಟು ಹೋಗದೆ ಉಸಿರು ಸಲೀಸಾಗದೆಂದು ವೈದ್ಯರು ಹೇಳಿದ್ದರು.

ಆ ಗೋಡೆಯನ್ನು ಒಣಗಿಸುವುದು ನನ್ನ ಧ್ಯೇಯವಾಯಿತು. ಮೇಲೆ ಬಣ್ಣ ಬಳಿದರೆ ರೋಗವನ್ನು ಒಳಗೇ ಕೂಡಿಹಾಕಿದಂತೆ. ಹೊರಗೆ ಗೋಡೆಗೆ ಒತ್ತಿಕೊಂಡ ಮಣ್ಣು ತೆಗೆದು ನೀರಿಗೆ ಹಾದಿ ಮಾಡಬೇಕು, ಕೆಟ್ಟ ಸಿಮೆಂಟು ಕೆತ್ತಿ, ಬೇಸಿಗೆಯಿಡೀ ಒಣಗಲು ಬಿಟ್ಟು, ಸುಣ್ಣದ ಗಾರೆ ಹಾಕಬೇಕು ಎಂದು ಸಾವಿತ್ರಮ್ಮನವರೊಡನೆ ವಾದಿಸಿದೆ.

"ನಿಮ್ಮ ಹತ್ರ ಮಾತಾಡಿ ಗೆದ್ದೋರು ಯಾರಿದಾರೆ ಮಾರಾಯ್ರೆ! ಮಾಡ್ಸಿ. ಆದ್ರೆ ಕಿಟಕಿ ಪಕ್ಕದ್ದು ಬಿಟ್ಬಿಡಿ, ಅಲ್ಲಿ ಒಣಗೇ ಇದೆ."

"ಯಾಕ್ರೀ ಅಮ್ಮಾ?"

"ಸುಮ್ನೆ."

'ಸುಮ್ಮನೆ' ಎಂಬುದು ಒಂದು ವಾದವೇ ಎಂದುಕೊಂಡೆ. ಧೂಳು ಆಗದೆಂದು ಅವರು ಕುಂಸಿಯಲ್ಲಿದ್ದ ತಂಗಿಯ ಮನೆಗೆ ಹೋದರು.

ಗಾರೆ ಕೆಲಸದ ಸೆಲ್ವಣ್ಣ ಕೆತ್ತುತ್ತಾ ಕಿಟಕಿಯವರೆಗೆ ಬಂದು ನಿಂತರು. ಅಲ್ಲಿ ನೆಲದಿಂದ ಮೂರಡಿ ಎತ್ತರದಲ್ಲಿ ತಟ್ಟೆಯಗಲದ ಕಪ್ಪು ಕಲೆಯಿತ್ತು. ಬೆರಳಿನಿಂದ ಉಜ್ಜಿ ಮೂಸಿ ನೋಡಿ, "ಸಾರ್, ಇದು ತೇವ ಅಲ್ಲ. ತಲೆ ಎಣ್ಣೆ. ಯಾರೋ ಒರಗಿ ಕೂತಿದ್ದು. ಬಿಡೋಣ್ವಾ?" ಎಂದರು.

"ಅರ್ಧಾ ಸುಧಾರಣಾ ಸುಧಾರಣಾ ಅಲ್ಲ ಸೆಲ್ವಣ್ಣಾ. ಪೂರ್ತಿ ತಗೀರಿ."

"ನೀವು ಓದಿದೋರು," ಎಂದು ಅವರು ಕಲೆಯ ಮೇಲೆ ಉಳಿ ಇಟ್ಟರು.

ಮಳೆಗೆ ಮುಂಚೆ ಸಾವಿತ್ರಮ್ಮ ಮರಳಿದಾಗ ಬೆಳ್ಳನೆಯ ಗೋಡೆಯನ್ನು ಹೆಮ್ಮೆಯಿಂದ ತೋರಿಸಿದೆ. ಅವರು ನೇರವಾಗಿ ಕಿಟಕಿಯ ಬಳಿ ಹೋಗಿ ಕೂತರು. ಅಂಗೈಯಿಂದ ಗೋಡೆಯನ್ನು ಸವರಿ ಸವರಿ ಹುಡುಕಿದರು.

"ಶಿಫ್ಟ್ ಮುಗಿಸ್ಕೊಂಡ್ ಬಂದು ಇಲ್ಲೇ ತಲೆ ಇಡ್ತಿದ್ರು. ಕಲೆ ಆಗುತ್ತೆ ಅಂತ ಮೂವತ್ತು ವರ್ಷ ಬೈದಿದೀನಿ."

"ಮೊದಲ ಹೇಳಬಾರದೇನ್ರೀ ಅಮ್ಮಾ?"

"ಎಣ್ಣೆ ಕಲೆ ಉಳ್ಸಿ ಅಂತ ಕೇಳೋಕೆ ನಾಚಿಕೆ ಆಯ್ತಪ್ಪ." ಸೆರಗಿನಿಂದ ಕೈಯ ಸುಣ್ಣ ಒರೆಸಿಕೊಂಡು ಎದ್ದರು. "ಚೆನ್ನಾಗಾಗಿದೆ ಬಿಡಿ ಮೇಷ್ಟ್ರೇ."

ಈ ಮಳೆಗಾಲ ಗೋಡೆ ತೇವವಾಗಲಿಲ್ಲ. ಅವರ ಉಸಿರೂ ಹಗುರಾಗಿದೆ. ಆದರೆ ಅವರೀಗ ನಡುಮನೆಯಲ್ಲಿ ಕೂರುವುದಿಲ್ಲ; "ಊಟ ಆಯ್ತಾ?" ಎಂಬ ಪ್ರಶ್ನೆ ಅಡುಗೆಮನೆಯಿಂದ ಬರುತ್ತದೆ.

ದೀಪಾವಳಿಗೆ ಊರಿಗೆ ಹೋಗಿದ್ದೆ. ಅಪ್ಪ ಬದುಕಿದ್ದಾಗ ಒರಗಿ ಕೂರುತ್ತಿದ್ದ ಪಡಸಾಲೆಯ ಗೋಡೆಗೆ ಅಣ್ಣ ಸುಣ್ಣ ಬಳಿಯುತ್ತಿದ್ದ. ಅಲ್ಲಿದ್ದ ಎಣ್ಣೆ ಕಲೆಯ ಹತ್ತಿರ ಬಂದಾಗ ಅವನ ಕೈ ಹಿಡಿದೆ.

"ಯಾಕೋ?" ಎಂದ.

"ಸುಮ್ನೆ."

ಅಣ್ಣ ನಕ್ಕ. "ಸುಮ್ನೆ ಅಂತ! ಪೂರ್ತಿ ಆ ಕಡಿಯವನ ಆಗಿಬಿಟ್ಟಿ ನೋಡು."

ಹೇಗೆ ಆಗಲಿ? ಸಾವಿತ್ರಮ್ಮನವರ ನಡುಮನೆಯ ಒಣ ಗೋಡೆಗೆ ಒರಗಿ ಕೂರಲು ನನಗೆ ಇಂದಿಗೂ ಆಗಿಲ್ಲ.