ಕನ್ನಡಿ ಮೇಸ್ತ್ರಿಯ ಹೆಗ್ಗಣ

ಮೂತಿ ಸೊಟ್ಟಗೆ ಮಾಡಿಕೊಂಡು ಅವರ ಷೆಡ್ಡಿಗೆ ಬಂದ ಕಾರು ಮದುವಣಗಿತ್ತಿಯಂತೆ ಹೊರಗೆ ಹೋಗುತ್ತಿತ್ತು. ತಗ್ಗನ್ನು ಬಡಿದೆತ್ತಿ, ಪುಟ್ಟಿ ಮೆತ್ತಿ, ಉಜ್ಜಿ, ಬಣ್ಣ ಹೊಡೆದು, ಮತ್ತೆ ಉಜ್ಜಿ ಅವರು ಮುಗಿಸಿಕೊಟ್ಟ ಕಾರಿನ ಬಾಗಿಲಿನ ಮುಂದೆ ನಿಂತು ಗಿರಾಕಿಗಳು ತಲೆ ಬಾಚಿಕೊಳ್ಳುತ್ತಿದ್ದರು. ಹಾಗಾಗಿ ಬೀದಿಯವರು ಅವರನ್ನು ಕನ್ನಡಿ ಮೇಸ್ತ್ರಿ ಎಂದರು, ಆ ಹೆಸರೇ ನಿಂತಿತು. "ನನ್ನ ಕೈ ದಾಟಿದ ಮೇಲೆ, ಗುದ್ದಿದವನಿಗೇ ಎಲ್ಲಿ ಗುದ್ದಿದ್ದು ಅಂತ ಗೊತ್ತಾಗಬಾರದು" ಎಂಬುದು ಅವರ ಜಂಬ. ಜಂಬಕ್ಕೆ ತಕ್ಕ ಕೆಲಸವೂ ಇತ್ತು.

ಆದರೆ ಹೊಡೆದ ಬಣ್ಣವೆಲ್ಲ ತಗಡಿನ ಮೇಲೆಯೇ ಕೂತಿರಲಿಲ್ಲ. ಒಂದಿಷ್ಟು ಅವರ ಎದೆಗೂ ಇಳಿದಿತ್ತು. ಮೊದಲು ಕೆಮ್ಮು, ಆಮೇಲೆ ಮೆಟ್ಟಿಲು ಹತ್ತಿದರೆ ಏದುಸಿರು. ಆಸ್ಪತ್ರೆಯ ಡಾಕ್ಟರಮ್ಮ ಎಕ್ಸ್‌ರೇಯನ್ನು ಕಿಟಕಿಯ ಬೆಳಕಿಗೆ ಹಿಡಿದು, "ಸ್ಪ್ರೇ ಗನ್ ಇನ್ನು ಮುಟ್ಟಬೇಡಿ. ಪುಟ್ಟಿ ಧೂಳೂ ಬೇಡ. ಮುಟ್ಟಿದ್ರೆ ನನ್ನ ಹತ್ರ ಬರಲೇಬೇಡಿ" ಎಂದುಬಿಟ್ಟರು.

ಷೆಡ್ಡಿನ ಬಾಗಿಲು ಅರ್ಧ ಮುಚ್ಚಿತು. ಉಳಿದರ್ಧದಲ್ಲಿ ಬೆಂಚು ಹಾಕಿಕೊಂಡು ಮೇಸ್ತ್ರಿ ಕೂತರು. ಬೀದಿಯಲ್ಲಿ ಹೋಗುವ ಒಂದೊಂದು ಗಾಡಿಗೂ ಅವರ ಬಾಯಿಂದ ಒಂದೊಂದು ತೀರ್ಪು ಬರುತ್ತಿತ್ತು. "ನೋಡು, ಬಾಗಿಲು ಒಂದು ಬಣ್ಣ, ಬಾನೆಟ್ಟು ಒಂದು ಬಣ್ಣ. ಹೊಡೆದವನಿಗೆ ಕಣ್ಣು ನೆತ್ತಿ ಮೇಲಿತ್ತೇನೋ!"

ಅವರ ಹೆಂಡತಿ ಮುಂದಿನ ಕೋಣೆಯಲ್ಲಿ ಬಟ್ಟೆ ಹೊಲಿಯುವಾಕೆ. ಬಾಯಲ್ಲಿ ಗುಂಡುಸೂಜಿ ಕಚ್ಚಿಕೊಂಡೇ ಮಾತಾಡಬಲ್ಲಳು. "ರೀ, ಊರ ಗಾಡಿಗಳ ಹುಳುಕು ಹುಡುಕಿದ್ದು ಸಾಕು. ಕೈಗೊಂದು ಕೆಲಸ ಹುಡುಕ್ಕೊಳ್ಳಿ. ಹೀಗೇ ದಿಂಬಿನ ಹಾಗೆ ಕೂತ್ರೆ ನಿಮಗೂ ಒಂದು ಗಲೀಪು ಹೊಲಿದು ಹಾಕ್ತೀನಿ."

ಕೆಲಸ ತಾನಾಗಿಯೇ ಬಂತು, ಅದೂ ಸರಕು ಸಾಗಿಸುವ ಗಾಡಿಯ ಬೆನ್ನೇರಿ. ತಂದವಳು ಮೇಸ್ತ್ರಿಯ ಅಕ್ಕ. ಆಕೆ ದೊಡ್ಡ ಆಸ್ಪತ್ರೆಯೊಂದರ ತೋಟ ನೋಡಿಕೊಳ್ಳುವಾಕೆ. ಅಲ್ಲಿ ಹುಲ್ಲು ಕತ್ತರಿಸುತ್ತಿದ್ದ ಪುಟ್ಟ ಟ್ರ್ಯಾಕ್ಟರಿಗೆ ವಯಸ್ಸಾಗಿ, ಹೊಸದು ಬಂದು, ಹಳೆಯದು ಗುಜರಿಯ ಪಾಲಾಗುವುದರಲ್ಲಿತ್ತು. ಅಕ್ಕ ಕೇಳಿ ಇಸಿದುಕೊಂಡು ಬಂದಿದ್ದಳು. ಬಣ್ಣ ಚಕ್ಕೆ ಚಕ್ಕೆಯಾಗಿ ಉದುರಿತ್ತು. ಹೊಟ್ಟೆಯಡಿಯ ಬ್ಲೇಡಿನ ತಟ್ಟೆ ಜರಡಿಯಾಗಿತ್ತು. ಎಂಜಿನ್ನು ಮಾತ್ರ ಹಗ್ಗದ ಮೂರನೆಯ ಎಳೆತಕ್ಕೆ ಗೊರಗೊರ ಎಂದಿತು.

"ಚೆನ್ನಾಗಿ ಬಣ್ಣ ಹೊಡೆದು ಕೊಡೋ. ಗಿಡದ ಕುಂಡ ಎಳೆಯೋಕೆ ಇಟ್ಕೋತೀನಿ."

"ಬಣ್ಣ ಹೊಡೆಯೋ ಹಾಗಿದ್ರೆ ನಾನ್ಯಾಕೆ ಇಲ್ಲಿ ನೊಣ ಹೊಡೀತಾ ಕೂತಿರ್ತಿದ್ದೆ ಅಕ್ಕ?"

ಅಕ್ಕನಿಗೆ ನಾಲಿಗೆ ಕಚ್ಚಿಕೊಳ್ಳುವಂತಾಯಿತು. ಆದರೂ ಟ್ರ್ಯಾಕ್ಟರನ್ನು ಅಲ್ಲೇ ಬಿಟ್ಟು ಹೋದಳು.

ಭಾನುವಾರ ಮಗಳ ಜೊತೆ ಅಳಿಯ ಬಂದ. ಗೇಟು, ಕಿಟಕಿ ಸರಳು ಮಾಡುವ ವೆಲ್ಡರ್ ಆತ. ಮಾವ-ಅಳಿಯರ ನಡುವೆ ಜಗಳವಿರಲಿಲ್ಲ, ಸಲಿಗೆಯೂ ಇರಲಿಲ್ಲ. ಅಳಿಯ ಬೆಸೆದುಕೊಟ್ಟ ತಗಡಿನ ಹೊಲಿಗೆಯನ್ನೆಲ್ಲ ಮೇಸ್ತ್ರಿ ಮೊದಲಿನಿಂದಲೂ ಗ್ರೈಂಡರಿನಲ್ಲಿ ತೇಯ್ದು, ಪುಟ್ಟಿಯಡಿ ಹೂತುಬಿಡುತ್ತಿದ್ದರು. "ಅಳಿಯಂದಿರ ವೆಲ್ಡಿಂಗು ಗಟ್ಟಿ. ನೋಡೋಕೆ ಮಾತ್ರ ಇರುವೆ ಗೂಡು" ಎಂದು ಮಗಳ ಹತ್ತಿರ ಒಮ್ಮೆ ಅಂದಿದ್ದರು. ಅದು ಅಳಿಯನ ಕಿವಿಗೂ ಬಿದ್ದಿತ್ತು.

ಅಳಿಯ ಟ್ರ್ಯಾಕ್ಟರಿನ ಸುತ್ತ ಒಂದು ಸುತ್ತು ಬಂದು, ಮೊಬೈಲಿನಲ್ಲಿ ಒಂದು ಚಿತ್ರ ಹುಡುಕಿ ಮಾವನ ಮುಂದೆ ಹಿಡಿದ. ನೆಲಕ್ಕೆ ಮುತ್ತಿಡುವಷ್ಟು ತಗ್ಗಿದ ಒಂದು ಗಾಡಿ. ಮೈತುಂಬ ತುಕ್ಕು, ಬಯಲಿಗೆ ಬಿದ್ದ ಎಂಜಿನ್ನು, ಆಕಾಶಕ್ಕೆ ಎದ್ದ ಹೊಗೆ ಕೊಳವೆ.

"ಯಾರ ಹೊಟ್ಟೆಪಾಡು ಇದು? ಪುಟ್ಟಿಗೂ ಗತಿಯಿಲ್ವಾ?"

"ಇಲ್ಲ ಮಾವ, ಬೇಕು ಅಂತಲೇ ಹೀಗೆ ಮಾಡೋದು. ರ‍್ಯಾಟ್ ರಾಡ್ ಅಂತಾರೆ. ಸಿಕ್ಕಿದ ಹಳೇ ಸಾಮಾನು ಹಾಕಿ ಕಟ್ಟೋದು. ತುಕ್ಕು ಮುಚ್ಚಲ್ಲ, ಬೆಸುಗೆ ಮುಚ್ಚಲ್ಲ. ರ‍್ಯಾಟ್ ಅಂದ್ರೆ ಇಲಿ."

"ಇದು ಇಲಿ ಅಲ್ಲ ರೀ, ಹೆಗ್ಗಣ!" ಎಂದು ಮೇಸ್ತ್ರಿ ಮೂಗು ಮುರಿದರು. ಒಳಗಿಂದ ಹೆಂಡತಿ ಕೂಗಿದಳು: "ಹೆತ್ತವರಿಗೆ ಹೆಗ್ಗಣ ಮುದ್ದು! ಯಾರೋ ಮಾಡಿದ್ದಾರೆ, ಅವರಿಗೆ ಚಂದ. ನಿಮಗೇನು?"

ಮೂಗು ಮುರಿದವರು ಮಾರನೆಯ ಬೆಳಿಗ್ಗೆ ಕಾಫಿ ಲೋಟ ಹಿಡಿದು ಟ್ರ್ಯಾಕ್ಟರಿನ ಮುಂದೆ ಕುಕ್ಕರುಗಾಲಿನಲ್ಲಿ ಕೂತಿದ್ದರು. ಬಣ್ಣವಿಲ್ಲ, ಪುಟ್ಟಿ ಇಲ್ಲ, ಧೂಳಿಲ್ಲ. ಡಾಕ್ಟರಮ್ಮ ಬೇಡವೆಂದದ್ದು ಒಂದೂ ಹೆಗ್ಗಣ ಕಟ್ಟುವ ಕೆಲಸಕ್ಕೆ ಬೇಕಿಲ್ಲ. ಲೋಟ ಕೆಳಗಿಟ್ಟು ಸ್ಪಾನರ್ ತೆಗೆದುಕೊಂಡರು. ಮಧ್ಯಾಹ್ನದ ಹೊತ್ತಿಗೆ ಬ್ಲೇಡಿನ ತಟ್ಟೆ ಬಿಚ್ಚಿ ಬಿದ್ದಿತ್ತು, ಮೇಸ್ತ್ರಿ ಅಳಿಯನಿಗೆ ಫೋನು ಮಾಡಿದ್ದರು.

ವೆಲ್ಡಿಂಗಿನ ಮಾತಿಗೆ ಹೆಂಡತಿ ಸೊಂಟಕ್ಕೆ ಕೈಯಿಟ್ಟು ನಿಂತಳು. "ಅದರ ಹೊಗೆ ಏನು ಊದುಬತ್ತಿ ಹೊಗೆನಾ?" ಕೊನೆಗೆ ಒಪ್ಪಂದವಾಯಿತು: ಬೆಸೆಯುವುದು ಅಳಿಯನ ಅಂಗಡಿಯಲ್ಲೇ, ಮೇಸ್ತ್ರಿ ರಸ್ತೆಯ ಆಚೆ ಬದಿಯಲ್ಲಿ ಕುರ್ಚಿ ಹಾಕಿಕೊಂಡು ಕೂರುವುದು.

ಅಳತೆ ಮೇಸ್ತ್ರಿಯದು, ಬೆಂಕಿ ಅಳಿಯನದು. ಚಾಸಿಯನ್ನು, ಅಂದರೆ ತಳದ ಚೌಕಟ್ಟನ್ನು, ಕತ್ತರಿಸಿ ಮುಂದಕ್ಕೆ ಉದ್ದ ಮಾಡಿದರು. ಮುಂದಿನ ಅಚ್ಚನ್ನು ಮೇಲಕ್ಕೇರಿಸಿ ಕೂರಿಸಿದ್ದರಿಂದ ಮೂತಿ ನೆಲಕ್ಕೆ ತಗ್ಗಿತು. ಸ್ಟೇರಿಂಗಿನ ಸರಳು ಗಿಡ್ಡವಾಗಿ ಅದಕ್ಕೊಂದು ತುಂಡು ಸೇರಿಸಬೇಕಾಯಿತು. ಹಳೆಯ ಕಿಟಕಿಯ ಸರಳುಗಳೇ ಮುಖದ ಜಾಲರಿಯಾದವು. ಮುರಿದ ಸ್ಕೂಟರಿನ ದೀಪ ಒಂಟಿ ಕಣ್ಣಾಯಿತು. ಕಾಲಿಡಲು ಏನಾದರೂ ಬೇಕಿತ್ತು. ಹೆಂಡತಿಯ ಹಳೆಯ ಹೊಲಿಗೆ ಯಂತ್ರದ ಕಾಲು ತುಳಿಯುವ ಕಬ್ಬಿಣದ ಜಾಲರಿ ಅಟ್ಟದ ಮೇಲೆ ಬಿದ್ದಿತ್ತು. ಕೇಳಿದರೆ ಕೊಡಳು ಎಂದು ಮೇಸ್ತ್ರಿ ಕೇಳಲಿಲ್ಲ. ಅದು ಎರಕದ್ದು, ಬೆಸುಗೆಗೆ ಬಗ್ಗುವುದಿಲ್ಲವೆಂದು ಬೋಲ್ಟು ಬಿಗಿದು ಕೂರಿಸಿದ ಮೇಲೆ ಹೆಂಡತಿ ನೋಡಿದಳು.

"ನನ್ನ ಮಿಷನ್ನಿನ ಕಾಲು ಮುರಿದು ಇದಕ್ಕೆ ಕಟ್ಟಿದ್ರಾ?"

"ನೀನು ತುಳಿದು ತುಳಿದು ನುಣುಪಾದದ್ದು. ಅಂಥ ಹೊಳಪು ನನ್ನ ಕೈಗೂ ಬರಲ್ಲ ಕಣೆ."

"ಬೆಣ್ಣೆ ಹಚ್ಚಬೇಡಿ" ಎಂದಳು. ಆದರೆ ಸಂಜೆಯೊಳಗೆ ಹಳೆಯ ಬಸ್ಸಿನ ರೆಕ್ಸಿನ್ ತಂದು ಸೀಟಿಗೆ ಹೊದಿಕೆ ಹೊಲಿದುಕೊಟ್ಟಳು.

ಕಷ್ಟವಾದದ್ದು ಬೇರೆ ಕಡೆ. ಅಳಿಯ ಹಾಕಿದ ಮೊದಲ ಬೆಸುಗೆಯನ್ನು ನೋಡಿ ಮೇಸ್ತ್ರಿಯ ಕೈ ಅಭ್ಯಾಸಬಲದಿಂದ ಗ್ರೈಂಡರಿನ ಕಡೆ ಹೋಯಿತು. ಅಲ್ಲೇ ತಡೆದುಕೊಂಡರು. ಇಲ್ಲಿ ಹೂಳುವುದಕ್ಕೆ ಪುಟ್ಟಿ ಇರಲಿಲ್ಲ. ಹೊಲಿಗೆಯೇ ಚಂದವಾಗಬೇಕಿತ್ತು.

"ಇದು ಎಲ್ಲರ ಕಣ್ಣಿಗೂ ಬೀಳುತ್ತೆ. ಇನ್ನೊಂದ್ಸಲ ಹಾಕ್ತೀರಾ?"

ಅಳಿಯ ಮುಖವಾಡ ಮೇಲೆತ್ತಿದ. "ಮಾವ, ಇಷ್ಟು ವರ್ಷ ನೀವು ತೇಯ್ದು ಹಾಕಿಬಿಡ್ತೀರಿ ಅಂತಲೇ ನಾನು ಅವಸರ ಮಾಡ್ತಿದ್ದೆ. ಚಂದ ಮಾಡಿದ್ರೆ ಯಾರು ನೋಡ್ತಿದ್ರು?"

ಮೇಸ್ತ್ರಿ ಗ್ರೈಂಡರನ್ನು ಪಕ್ಕಕ್ಕೆ ಸರಿಸಿದರು. ಕುರ್ಚಿಗೆ ಹೋಗಿ ಕೂತರು. ಅಳಿಯ ಬೇರೆ ತುಂಡಿನ ಮೇಲೆ ಕೈ ಪಳಗಿಸಿಕೊಂಡು, ಉಸಿರು ಬಿಗಿಹಿಡಿದು ಮತ್ತೆ ಹಾಕಿದ. ಹೊಗೆ ಆರಿದ ಮೇಲೆ ಮೇಸ್ತ್ರಿ ಬಂದು ಬೆರಳಿಟ್ಟು ಸವರಿದರು. ಮೀನಿನ ಹುರುಪೆಯಂತೆ ಒಂದರ ಮೇಲೊಂದು ಕೂತ ಸಣ್ಣ ಸಣ್ಣ ಅಲೆ.

"ಭಲೇ! ಇದನ್ನ ಇಷ್ಟು ದಿನ ಎಲ್ಲಿ ಬಚ್ಚಿಟ್ಟಿದ್ದೆಯೋ ಮಾರಾಯ!"

ಮದುವೆಯಾದಾಗಿನಿಂದ 'ನೀವು' ಎನ್ನುತ್ತಿದ್ದ ಮಾವ 'ಮಾರಾಯ' ಎಂದದ್ದಕ್ಕೆ ಅಳಿಯ ಮುಖವಾಡ ಕೆಳಗೆಳೆದುಕೊಂಡ. ಒಳಗೆ ನಗುತ್ತಿದ್ದನೆಂದು ಭುಜವೇ ಹೇಳುತ್ತಿತ್ತು.

ಬಾನೆಟ್ಟಿನ ಒಂದು ತಗ್ಗಿನ ವಿಷಯದಲ್ಲಿ ಮೇಸ್ತ್ರಿ ತಮ್ಮನ್ನು ತಡೆದುಕೊಳ್ಳಲಿಲ್ಲ. ಕೂತಲ್ಲೇ ಸುತ್ತಿಗೆಯಿಂದ ಟಕಟಕ ಬಡಿಯುತ್ತಿದ್ದಾಗ ಅಕ್ಕ ಬಂದಳು.

"ಅಯ್ಯೋ, ನನ್ನ ಕಂಬ ಎಲ್ಲೋ?"

"ಯಾವ ಕಂಬ?"

"ಈ ಗಾಡಿ ಹತ್ತಿದ ಮೊದಲ ದಿನ ದೀಪದ ಕಂಬಕ್ಕೆ ಗುದ್ದಿದ್ದೆ. ಮೂರು ಮಹಡಿ ಕಿಟಕಿಯಲ್ಲೂ ರೋಗಿಗಳು ನಿಂತು ನಕ್ಕರು. ಹೊಟ್ಟೆ ಹೊಲಿಗೆ ಹಾಕಿಸಿಕೊಂಡವರೂ ಹೊಟ್ಟೆ ಹಿಡ್ಕೊಂಡು ನಕ್ಕರು ಅಂತ ನರ್ಸು ಬಂದು ನನ್ನನ್ನೇ ಬೈದಳು. ಆಮೇಲೆ ಹೊಸಬರು ಬಂದಾಗೆಲ್ಲ ಹಳಬರು ಆ ತಗ್ಗು ತೋರಿಸಿ ಕತೆ ಹೇಳೋರು."

ಮೇಸ್ತ್ರಿ ಸುತ್ತಿಗೆ ಕೆಳಗಿಟ್ಟರು. ಆಯುಷ್ಯವಿಡೀ ತೆಗೆದ ತಗ್ಗುಗಳಲ್ಲಿ ಒಂದರ ಕತೆಯನ್ನೂ ಅವರು ಕೇಳಿರಲಿಲ್ಲ.

"ಅರ್ಧ ಎದ್ದುಬಿಟ್ಟಿದೆ ಅಕ್ಕ. ತೆಗೆಯೋದು ಗೊತ್ತು, ಹಾಕೋದು ಗೊತ್ತಿಲ್ಲ."

"ಉಳಿದರ್ಧ ಮುಟ್ಟಬೇಡ. ಅರ್ಧ ಕತೆಯಾದ್ರೂ ಇರಲಿ."

ಕೊನೆಯ ಕೆಲಸ ತುಕ್ಕಿನದು. ಸಡಿಲವಾದ ಹೊಟ್ಟನ್ನು ಒದ್ದೆ ಬಟ್ಟೆಯಲ್ಲಿ ಉಜ್ಜಿ ತೆಗೆದು, ಒಣಗಿಸಿ, ಅಗಸೆ ಎಣ್ಣೆಯನ್ನು ತೆಳ್ಳಗೆ ಒರೆಸಿದರು. ಅದು ಆರಿದ ಮೇಲೆ ಮತ್ತೊಂದು ಪದರ. ಬೂದುಬೂದಾಗಿದ್ದ ತುಕ್ಕು ಮಳೆ ಬಿದ್ದ ಕೆಮ್ಮಣ್ಣಿನಂತೆ ಕಳೆಗಟ್ಟಿತು. ಗಂಟೆಗಟ್ಟಲೆ ಒರೆಸಿದರೂ ಕೆಮ್ಮು ಬರಲಿಲ್ಲ.

ಮೊದಲ ಸವಾರಿಗೆ ಬೀದಿಯೇ ಸೇರಿತ್ತು. ಮೇಸ್ತ್ರಿ ಗಂಭೀರವಾಗಿ ಹತ್ತಿ ಕೂತು, ದೊರೆಯಂತೆ ಹೊರಟರು. ಬೀದಿಯ ಮೊದಲ ಹಂಪಿನವರೆಗೆ ಎಲ್ಲವೂ ಸರಿಯಾಗಿತ್ತು. ಅಲ್ಲಿ ಗಾಡಿಯ ಹೊಟ್ಟೆ ಹಂಪಿನ ಮೇಲೆ ಕೂತಿತು, ಚಕ್ರಗಳು ಗಾಳಿಯಲ್ಲಿ ತಿರುಗಿದವು. ಹೆಗ್ಗಣ ಬೋನಿಗೆ ಬಿತ್ತು ಎಂದು ಯಾರೋ ಕೂಗಿದರು. ಜನ ಬಿದ್ದು ಬಿದ್ದು ನಕ್ಕರು. ಮೇಸ್ತ್ರಿಯೂ ನಕ್ಕರು, ಕೆಮ್ಮು ಬರುವಷ್ಟು ನಕ್ಕರು. ಹೆಂಡತಿ ನೀರು ಹಿಡಿದು ಓಡಿಬಂದಳು. "ಏನಿಲ್ಲ ಕಣೆ, ಇದು ನಗುವಿನ ಕೆಮ್ಮು" ಎಂದು ಕಣ್ಣೊರೆಸಿಕೊಂಡರು. ಅಳಿಯ ಮತ್ತು ನಾಲ್ಕು ಜನ ಎತ್ತಿ ದಾಟಿಸಿದರು. ಮರುದಿನ ಅಚ್ಚನ್ನು ನಾಲ್ಕು ಬೆರಳು ಕೆಳಗಿಳಿಸಿ ಹೊಟ್ಟೆ ಮೇಲೆತ್ತಿದರು.

ಆಸ್ಪತ್ರೆಯ ಮೇಲ್ವಿಚಾರಕರು ಅಕ್ಕ ಕೊಂಡೊಯ್ದ ತುಕ್ಕಿನ ಗಾಡಿ ಕಂಡು ಹುಬ್ಬು ಗಂಟಿಕ್ಕಿದರು. ಬೆರಳಿನಿಂದ ಒರೆಸಿ ನೋಡಿಕೊಂಡರು. ಬೆರಳು ಶುಭ್ರವಾಗಿತ್ತು. "ಹಿಂದಿನ ತೋಟದಲ್ಲಿ ಮಾತ್ರ ಓಡಿಸಮ್ಮ, ಮುಂಬಾಗಿಲಿಗೆ ತರಬೇಡ" ಎಂದರು. ಅಕ್ಕ ಅದರ ಹಿಂದೆ ಗಾಡಿ ಕಟ್ಟಿ ಕುಂಡಗಳನ್ನೂ ಒಣಗಿದ ಎಲೆಯನ್ನೂ ಎಳೆಯತೊಡಗಿದಳು. ಬಿಸಿಲಿಗೆಂದು ಹೊರಬಂದ ರೋಗಿಗಳ ಕುರ್ಚಿಗಳು ಮೆಲ್ಲಗೆ ಹಿಂದಿನ ತೋಟದ ಕಡೆ ಸರಿದವು.

ಅಲ್ಲಿ ತಂದೆಯನ್ನು ನೋಡಲು ಬಂದಿದ್ದ ಹೂವಿನ ಗಿಡ ಮಾರುವವನೊಬ್ಬ ಗಾಡಿಯನ್ನು ನೋಡಿ, ಕೇಳುತ್ತ ಕೇಳುತ್ತ ಷೆಡ್ಡಿನವರೆಗೆ ಬಂದ. ಜೊತೆಗೆ, ಹೀಗೇ ಕಟ್ಟಿಕೊಡಿ ಎಂದು, ತನ್ನ ಮನೆಯ ಮೂಲೆಗೆ ಬಿದ್ದಿದ್ದ ಒಂದು ಮೂರು ಚಕ್ರದ ಗಾಡಿಯನ್ನೂ ಎಳೆದು ತಂದಿದ್ದ. ಮೇಸ್ತ್ರಿ ಬಾಗಿಲಿನ ಎರಡೂ ರೆಕ್ಕೆ ತೆರೆದು ಅದನ್ನು ಒಳಗೆ ಹಾಕಿಸಿಕೊಂಡರು. ಸಂಜೆ ಅಳಿಯ ಬಂದವನು ಚಪ್ಪಲಿಯನ್ನೂ ಬಿಡದೆ ಗಾಡಿಯಡಿ ತಲೆ ತೂರಿಸಿದ.

"ಮಾವ, ಮೂತಿ ಕತ್ತರಿಸೋಣ."

"ಮೂತಿ ಬೇಡವೋ, ಬೆನ್ನು ಕತ್ತರಿಸು."

"ಬೆನ್ನು ಕತ್ತರಿಸಿದ್ರೆ ಹೂವು ಎಲ್ಲಿ ಇಡ್ತಾನೆ?"

"ಅದಕ್ಕೇ ಹೇಳ್ತೀನಿ, ಮೊದಲು ಈಚೆ ಬಾ. ಸೀಮೆಸುಣ್ಣ ತಗೋ. ನೆಲದ ಮೇಲೆ ಬರೆದು ತೋರಿಸ್ತೀನಿ."