ಹರಿಯದ ಹಿಡಿಕೆ

ಕಳೆದ ಅಕ್ಟೋಬರ್‌ನ ಕೊನೆಯ ಶುಕ್ರವಾರ ಸಂಜೆ, ಐರ್ಲೆಂಡಿನ ಲೀಕ್ಸ್‌ಲಿಪ್‌ನ ಬಸ್‌ಸ್ಟಾಪಿನಲ್ಲಿ ನಿಂತಿದ್ದ ಶಮೀಮ್ ಬಾನು ಅವರ ಕೈಚೀಲವನ್ನು ಸ್ಕೂಟರಿನಲ್ಲಿ ಬಂದ ಇಬ್ಬರು ಯುವಕರು ಎಳೆದರು. ಚೀಲ ಹರಿಯಲಿಲ್ಲ. ಹಿಡಿಕೆ ಅವರ ಮಣಿಕಟ್ಟಿಗೆ ಸುತ್ತಿಕೊಂಡಿತ್ತು. ಔಷಧಿ ಅಂಗಡಿಯ ತಿರುವಿನವರೆಗೆ ಸ್ಕೂಟರ್ ಅವರನ್ನು ಟಾರಿನ ಮೇಲೆ ಎಳೆದೊಯ್ದಿತು. ಬಲಭುಜದ ಕೀಲು ತಪ್ಪಿತು, ಮಣಿಕಟ್ಟು ಮುರಿಯಿತು, ಗದ್ದದ ಚರ್ಮ ಕಿತ್ತುಬಂತು. ತಿರುವಿನಲ್ಲಿ ಹಿಂದೆ ಕೂತವನು ಕೈಬಿಟ್ಟ.

ಆ ಚೀಲ ಹೊಲಿದವರು ಅವರೇ. ಧಾರವಾಡದವರು, ಇಲ್ಲಿ ನಮ್ಮ ಪಕ್ಕದ ಮನೆ. ಮಗಳ ಹಳೆಯ ಯೂನಿಫಾರ್ಮ್, ಗಂಡನ ಅಂಗಿ, ಸವೆದ ಪರದೆ ಎಲ್ಲವನ್ನೂ ಚೌಕಗಳಾಗಿ ಕತ್ತರಿಸಿ ಕೂಡಿಸುತ್ತಿದ್ದರು. ಒಳಗೆ ಹತ್ತಿಯ ಪದರವಿಟ್ಟು, ಅವರ ಊರಿನ ಕೌದಿಗೆ ಹಾಕುವಂತೆ ಸಾಲುಸಾಲಾಗಿ ಹೊಲಿಯುತ್ತಿದ್ದರು. ಹಿಡಿಕೆಯ ಬುಡಕ್ಕೆ ನೈಲಾನ್ ದಾರದ ಚೌಕ, ಅದರೊಳಗೆ ಮೂಲೆಯಿಂದ ಮೂಲೆಗೆ ಗೆರೆ, ಅದರ ಮೇಲೆ ಮತ್ತೆ ಅದೇ ಹೊಲಿಗೆ. ಬಡಾವಣೆಯ ಕನ್ನಡದ ಹೆಂಗಸರಿಗೆಲ್ಲ ಒಂದೊಂದು ಕೊಟ್ಟಿದ್ದರು. “ಆನಿ ಎಳದ್ರೂ ಹರಿಯಂಗಿಲ್ಲ, ತಗೋರಿ” ಎನ್ನುತ್ತಿದ್ದರು. ಅಂಗಡಿಯ ಚೀಲ ಹಿಡಿದು ಹೊರಟವರನ್ನು ರಸ್ತೆಯಲ್ಲೇ ತಡೆದು ಬೈಯುತ್ತಿದ್ದರು.

ಆಸ್ಪತ್ರೆಯಲ್ಲಿ ಮಗಳು ಝೋಯಾ ಅಳುತ್ತ, ಯಾಕೆ ಬಿಡಲಿಲ್ಲ ಎಂದು ಇಂಗ್ಲಿಷಿನಲ್ಲಿ ಕೇಳಿದಳು.

“ನಾ ಬಿಟ್ಟಿದ್ದೆ ಬೇಟಾ. ಅದು ಬಿಡಲಿಲ್ಲ.”

ಮನೆಗೆ ಬಂದ ಮರುದಿನ, ಕೊಟ್ಟ ಚೀಲಗಳನ್ನೆಲ್ಲ ತರಿಸಿಕೊಂಡರು. ಪ್ಲಾಸ್ಟರ್ ಹಾಕಿದ ಬಲಗೈಯಿಂದ ಬಟ್ಟೆ ಒತ್ತಿಹಿಡಿದು, ಎಡಗೈಯಲ್ಲಿ ಬ್ಲೇಡು ಹಿಡಿದು ಹಿಡಿಕೆ ಬಿಚ್ಚತೊಡಗಿದರು. ದಾರ ಸಡಿಲವಾಗಲಿಲ್ಲ. ಬ್ಲೇಡು ಜಾರಿ ಬಲಗೈ ಹೆಬ್ಬೆರಳನ್ನು ಸೀಳಿತು. ರಕ್ತ ಚೌಕಗಳ ಮೇಲೆಲ್ಲ ಹರಡಿದರೂ ಅವರು ನಿಲ್ಲಿಸಲಿಲ್ಲ. ಎದುರುಮನೆಯ ನರ್ಸ್ ರೇಖಾ ಬ್ಲೇಡು ಕಿತ್ತುಕೊಂಡು ಗಾಯ ಕಟ್ಟಿದರು.

“ನನ್ನದು ಹಾಗೇ ಇರ್ಲಿ ಬಿಡಿ, ಗ್ರ್ಯಾಂಡ್ ಆಗೈತೆ” ಎಂದೆ ನಾನು, ಚೆನ್ನಾಗಿದೆ ಎನ್ನಲು ಇಲ್ಲಿಯವರು ಆಡುವ ಮಾತಿನಲ್ಲಿ. ಶಮೀಮ್ ನನ್ನ ಚೀಲದ ಹಿಡಿಕೆಯನ್ನು ನನ್ನದೇ ಮಣಿಕಟ್ಟಿಗೆ ಸುತ್ತಿ, ಚೀಲವನ್ನು ಜಗ್ಗಿದರು. ಕುರ್ಚಿಯಿಂದ ನೆಲಕ್ಕೆ ಬಿದ್ದೆ. ಮೊಣಕೈ ತರಚಿ ರಕ್ತ ಬಂತು.

“ಇದು ಒಂದ ಕೈಲೆ ಎಳದದ್ದು. ಸ್ಕೂಟರ್ ಎಳದ್ರ?”

ಆ ವಾರ ನೈಲಾನ್ ದಾರ ಹೋಗಿ ಹಿಡಿಕೆಗಳಿಗೆಲ್ಲ ಒಂಟಿ ಹತ್ತಿ ದಾರದ ಕಚ್ಚಾ ಹೊಲಿಗೆ ಬಿತ್ತು. ಹಾಲು, ಆಲೂಗಡ್ಡೆಯ ಭಾರ ತಡೆದರೆ ಸಾಕು ಎಂದಿದ್ದರು. ನಾವು ಹೊಲಿಯುತ್ತಿದ್ದೆವು, ಅವರು ಎಳೆದು ನೋಡುತ್ತಿದ್ದರು. ಹಿಡಿಕೆ ಕಿತ್ತುಬರದಿದ್ದರೆ ಚೀಲ ಹೊಲಿದವರ ಮುಖಕ್ಕೇ ಬೀಳುತ್ತಿತ್ತು.

“ಚಂದ ಆಮ್ಯಾಲೆ ನೋಡೂಣು. ಮೊದಲ ಹರೀಬೇಕು.”

ಜನವರಿಯಲ್ಲಿ ಗಂಡನಿಗೆ ಕಾರ್ಕ್‌ನಲ್ಲಿ ಕೆಲಸ ಸಿಕ್ಕಿ ಅವರು ಅಲ್ಲಿನ ಬಡಾವಣೆಯಾದ ಡಗ್ಲಸ್‌ಗೆ ಹೋದರು. ಹೊರಡುವ ದಿನವೂ ಬಲಗೈ ಭುಜದ ಮಟ್ಟಕ್ಕಿಂತ ಮೇಲೇಳುತ್ತಿರಲಿಲ್ಲ. ಆ ನಂತರ ನಾವು ಭೇಟಿಯಾಗಿಲ್ಲ.

ಫೆಬ್ರವರಿಯಲ್ಲಿ ಅದೇ ಬಸ್‌ಸ್ಟಾಪಿನಲ್ಲಿ ಸ್ಕೂಟರಿನವರು ರೇಖಾ ಅವರ ಚೀಲ ಎಳೆದರು. ಶಮೀಮ್‌ಗೆ ಫೋನ್ ಮಾಡಿ ತಿಳಿಸಿದೆ. ಚೀಲದಲ್ಲಿ ಏನಿತ್ತು ಎಂದು ಅವರು ಕೇಳಲಿಲ್ಲ.

“ಬಿದ್ದಳೇನ್ರಿ?”

ಇಲ್ಲ, ಹಿಡಿಕೆ ಕೈಯಲ್ಲಿ ಹಿಡಿದು ನಿಂತಿದ್ದರು ಎಂದೆ.

ಚೀಲ ಈವರೆಗೆ ಸಿಕ್ಕಿಲ್ಲ.