ಕಬ್ಬಿಣಕ್ಕೆ ತೊಗಲು ಹಾಕಿದ ಬೀರಪ್ಪ

ಬೀರಪ್ಪ ಯಾವ ವಸ್ತುವನ್ನು ಕಂಡರೂ ಮೊದಲು ಉಗುರಿನಿಂದ ಕೆರೆದು ನೋಡುತ್ತಿದ್ದ. ಚಹಾದಂಗಡಿಯ ತಟ್ಟೆ, ಬಸ್ಸಿನ ಕಂಬಿ, ನನ್ನ ಹೊಸ ಸೈಕಲ್ಲಿನ ಬಣ್ಣ, ಯಾವುದನ್ನೂ ಬಿಟ್ಟವನಲ್ಲ. "ಇದು ವರ್ಷ ಬಾಳೂದಿಲ್ಲರಿ" ಎಂದು ದಣಿದ ದನಿಯಲ್ಲಿ ಹೇಳಿ ಮುಂದೆ ಹೋಗುತ್ತಿದ್ದ.

ಹಿರೇಕೊಟ್ನೆಕಲ್ಲಿನ ಕುರಿಗಾರರ ಮನೆಯವನು. ಶಕ್ತಿನಗರದ ವಿದ್ಯುತ್ ಸ್ಥಾವರದಲ್ಲಿ ಗುತ್ತಿಗೆದಾರರ ಕೈಕೆಳಗೆ ವೆಲ್ಡಿಂಗ್ ಮಾಡಿ, ಎಂಬತ್ತರ ದಶಕದ ನಡುವಿನಲ್ಲಿ ರಾಯಚೂರಿನ ನಮ್ಮ ಓಣಿಯಲ್ಲೊಂದು ತಗಡಿನ ಶೆಡ್ಡು ಹಾಕಿದ. ನಾನಾಗ ಕಾಲೇಜಿನಲ್ಲಿ ಭೌತಶಾಸ್ತ್ರ ಹೇಳುತ್ತಿದ್ದೆ. ಅಕ್ಕಿ ಗಿರಣಿಯಲ್ಲಿ ಭತ್ತ ಸುಲಿಯುವ ಕಬ್ಬಿಣದ ರೋಲರುಗಳು ಹೊಟ್ಟಿನ ಉಜ್ಜಿಗೆ ಬೇಗ ಸವೆಯುವುದೇ ಅವನ ಚಿಂತೆ. "ಕಬ್ಬಿಣಕ್ಕ ಮ್ಯಾಲೊಂದು ಗಟ್ಟಿ ತೊಗಲ ಹಾಕಬೇಕ್ರಿ ಸರ್" ಎನ್ನುತ್ತಿದ್ದ.

ಅದಕ್ಕಾಗಿ ತಾನೇ ಒಂದು ಪ್ಲಾಸ್ಮಾ ಗನ್ ಕಟ್ಟಿದ. ತಾಮ್ರದ ಮೂತಿಯೊಳಗೆ ವಿದ್ಯುತ್ತಿನ ಕಿಡಿ. ಅದರ ನಡುವೆ ಆರ್ಗಾನ್ ಅನಿಲ ಹಾಯಿಸಿದರೆ ಬೆಂಕಿಯನ್ನೂ ಮೀರಿದ ಬಿಳಿ ಜ್ವಾಲೆ. ಅದರಲ್ಲಿ ಬಿಟ್ಟ ಲೋಹದ ಪುಡಿ ಕರಗಿ ಕಬ್ಬಿಣಕ್ಕೆ ಹೋಗಿ ಅಂಟಬೇಕು. ಮೂತಿಯನ್ನು ನೀರಿನಿಂದ ತಣ್ಣಗಿಡುವ ಲೆಕ್ಕ ಹಾಕಿಕೊಟ್ಟವನು ನಾನು. ಆದರೂ ಎರಡು ವರ್ಷ ಮೂತಿಗಳು ಕರಗುತ್ತಲೇ ಹೋದವು. ಕರೆಂಟು ಹೋದರೆ ಬೀರಪ್ಪ ಅಲ್ಲೇ ನೆಲದ ಮೇಲೆ ಒರಗುತ್ತಿದ್ದ, ಬಂದರೆ ಏಳುತ್ತಿದ್ದ.

ಕೊನೆಗೆ ಮಾನ್ವಿಯ ಶರಣಪ್ಪ ಸಾವುಕಾರರ ಗಿರಣಿಯಲ್ಲಿ ಅವನ ರೋಲರು ಒಂದು ಸುಗ್ಗಿಯಿಡೀ ಸವೆಯದೆ ನಡೆಯಿತು.

ಅವನಿಗೊಂದು ನೇಮವಿತ್ತು: ಪುಡಿ ಹಾಯಿಸುವ ಮೊದಲು ಯಂತ್ರದಿಂದ ಮರಳು ಹೊಡೆದು ಕಬ್ಬಿಣದ ಮೈ ಒರಟು ಮಾಡುವುದು. "ನುಣ್ಣನ ಮೈಗೆ ಏನೂ ನಿಲ್ಲಂಗಿಲ್ಲರಿ." ದೇವದುರ್ಗದ ಗಿರಣಿಯೊಂದಕ್ಕೆ ರೋಲರು ಮಾಡುವಾಗ ಆ ಯಂತ್ರ ಕೆಟ್ಟಿತು. ರೋಲರನ್ನು ನೋಡಲು ಮರುದಿನವೇ ಬರುವಂತೆ ಹೈದರಾಬಾದಿನ ಪ್ರೊಫೆಸರೊಬ್ಬರಿಗೆ ನಾನು ಮೊದಲೇ ಹೇಳಿಬಿಟ್ಟಿದ್ದೆ. "ಅರದಿಂದ ಉಜ್ಜು ಸಾಕು ಬೀರಪ್ಪ, ನಡೀತದ" ಎಂದೆ. ಅವನು ನನ್ನ ಮುಖ ನೋಡಿ ಅರ ತೆಗೆದುಕೊಂಡ.

ಪ್ರೊಫೆಸರು ಮೆಚ್ಚಿ ಹೋದರು. ಹತ್ತು ದಿನಕ್ಕೆ ಆ ತೊಗಲು ಹಪ್ಪಳದಂತೆ ಎದ್ದು, ಚೂರುಗಳು ಅಕ್ಕಿಯಲ್ಲಿ ಬೆರೆತವು. ಅಕ್ಕಿ ಹಸನು ಮಾಡುವ ಹೆಂಗಸರ ಕಣ್ಣಿಗೆ ಬಿದ್ದದ್ದರಿಂದ ಯಾರ ಹೊಟ್ಟೆಗೂ ಹೋಗಲಿಲ್ಲ. ನಾವಿಬ್ಬರೂ ದೇವದುರ್ಗಕ್ಕೆ ಓಡಿದೆವು.

"ಯಾರದಿದು ತಪ್ಪು?" ಎಂದರು ಗಿರಣಿಯ ಮಾಲೀಕರು.

ನಾನು ಮಾತು ಹುಡುಕುತ್ತಿದ್ದೆ. "ನಂದು" ಎಂದ ಬೀರಪ್ಪ.

ಎರಡು ದಿನ ಆ ಹೆಂಗಸರ ಜೊತೆ ಕುಳಿತು ಚೂರು ಆರಿಸಿದ. ಆಮೇಲೆ ಮಾನ್ವಿಗೆ ಹೋಗಿ, ಸರಿಯಾಗಿಯೇ ನಡೆಯುತ್ತಿದ್ದ ರೋಲರನ್ನೂ ಬಿಚ್ಚಿದ. "ಛಲೋ ನಡದದ, ಇರಲಿ ಬಿಡೋ" ಎಂದು ಶರಣಪ್ಪ ಸಾವುಕಾರರು ಹೇಳಿದರೂ ಕೇಳಲಿಲ್ಲ. "ತಿನ್ನೂ ವಸ್ತು ಅದರಿ ಸಾವುಕಾರ್ರ." ಮತ್ತೆ ಗನ್ ಹೊತ್ತಿಸಲಿಲ್ಲ. ಹೊಸ ಕೆಲಸ ಕೊಡುವವರೂ ಬರಲಿಲ್ಲ.

ದಶಕದ ಕೊನೆಗೆ ನನಗೆ ವರ್ಗವಾಯಿತು. ಹೇಳಿಹೋಗಲು ಶೆಡ್ಡಿಗೆ ಹೋದಾಗ ನೀರಿನ ಪಂಪೊಂದನ್ನು ಬಿಚ್ಚಿಕೊಂಡು ಕುಳಿತಿದ್ದ. "ಅವತ್ತು ಅವಸರ ಮಾಡಿದಾವ ನಾನು. ಬಾಯಿ ಬಿಡಲಿಲ್ಲ" ಎಂದೆ.

"ಗನ್ ಹಿಡಿದ ಕೈ ನಂದಿತ್ತಲ್ಲರಿ. ನೀವ್ಯಾಕ ಅದನ್ನ ಹೊತ್ಕೊಂಡು ತಿರಗತೀರಿ? ದಣೀತೀರಿ."

ಬಸ್ ನಿಲ್ದಾಣದ ತನಕ ಬರುತ್ತೇನೆಂದು ಎದ್ದ. ಅರ್ಧ ದಾರಿಯಲ್ಲೇ ಉಸಿರು ಹತ್ತಿ ಒಂದು ಕಟ್ಟೆಯ ಮೇಲೆ ಕುಳಿತ. "ನೀವು ನಡೀರಿ ಸರ್."

ಆ ಬೇಸಿಗೆಯಲ್ಲಿ ಅವನು ತೀರಿಕೊಂಡ. ಸುದ್ದಿ ತಿಳಿದ ಮೇಲೆ ದೇವದುರ್ಗಕ್ಕೆ ಹೋಗಿ ಗಿರಣಿಯ ಮಾಲೀಕರಿಗೆ ನಡೆದದ್ದನ್ನೆಲ್ಲ ಹೇಳಿದೆ.

"ಆವಾಗ ಹೇಳಿದ್ರ, ಅವಗ ಇನ್ನೊಂದು ರೋಲರ್ ಕೊಡ್ತಿದ್ನಲ್ಲರಿ ಮಾಸ್ತರ" ಎಂದರು.